ಏಳರಿಂದ ಇಪ್ಪತ್ತಮೂರಕ್ಕೆ

ಪ್ರಶ್ನೆ ಕೇಳುವುದನ್ನು ನನಗೆ ಎರಡು ದಿನದಲ್ಲಿ ಕಲಿಸಿದರು. ಬಾಯಿ ಮುಚ್ಚಿಕೊಂಡಿರುವುದನ್ನು ಅದಕ್ಕೂ ಮೊದಲು ಮೂವತ್ತಾರು ವರ್ಷ ಕಲಿಸಿದ್ದರು.

"ಬರೆದಿದ್ದನ್ನ ಬರೆದ ಹಾಗೇ ಓದ್ಬೇಕು," ಎಂದರು ಮೇಡಂ. "ಬಿಡಿಸಿ ಹೇಳ್ಬಾರದು. ತಲೆ ಆಡಿಸ್ಬಾರದು. ಅಯ್ಯೋ ಪಾಪ ಅನ್ಬಾರದು. ಯಾರಾದ್ರೂ ಅತ್ರೆ ಸ್ವಲ್ಪ ಕಾಯಿರಿ, ಆಮೇಲೆ ಮುಂದಿನ ಪ್ರಶ್ನೆ. ಅರ್ಥ ಆಗ್ಲಿಲ್ಲ ಅಂದ್ರೆ ಅದನ್ನೇ ಇನ್ನೊಂದು ಸಲ ಓದಿ."

ಮೇಡಂ ಎಂದರೆ ವಿಶ್ವವಿದ್ಯಾಲಯದಿಂದ ಬಂದ ಸಂಶೋಧಕಿ. ಚಿಂದಿ ಗೋದಾಮಿನ ಹೆಂಗಸರ ಆರೋಗ್ಯದ ಮೇಲೆ ಸರ್ವೆ ಮಾಡುತ್ತಿದ್ದರು. ಗೋದಾಮಿನ ಎದುರಿನ ಕಟ್ಟಡದ ಮೂರನೇ ಮಹಡಿಯಲ್ಲಿ ಅವರ ಆಫೀಸು. ಆ ಕಟ್ಟಡವೂ ಗೋದಾಮಿನ ಧಣಿಯದೇ. ಸರ್ವೆಗೆ ಅಂತ ಬಿಟ್ಟುಕೊಟ್ಟಿದ್ದ. ಯಾಕೆ ಬಿಟ್ಟುಕೊಟ್ಟ ಎಂದು ನಾನು ಆಗ ಯೋಚಿಸಲಿಲ್ಲ. ಮೇಡಂ ಕೈಕೆಳಗೆ ಒಬ್ಬ ಮೇಲ್ವಿಚಾರಕ ಇದ್ದ, ತುಂಬಿದ ಫಾರಂಗಳಲ್ಲಿ ತಪ್ಪು ಹುಡುಕುವವನು. ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ತಡಕುತ್ತಿದ್ದ. ನಾನು ಅವನಿಗೆ ಹಣೆಗಣ್ಣ ಎಂದು ಹೆಸರಿಟ್ಟೆ.

ಮೊದಲ ದಿನ ನಾನು ಕೂರುವ ಮೊದಲು ಹಣೆಗಣ್ಣ ಕುರ್ಚಿಯ ಮೇಲೆ ಹಳೇ ಪೇಪರು ಹಾಸಿದ.

"ಬೇಜಾರ್ ಮಾಡ್ಕೋಬೇಡಮ್ಮ. ನಿನ್ನ ಬಟ್ಟೆಯಿಂದ ನಾರು ಉದುರುತ್ತೆ."

ಬೇಜಾರು ಮಾಡಿಕೊಂಡೆ. ಆದರೂ ಪೇಪರಿನ ಮೇಲೆ ಕೂತೆ.

ನಾರು ಉದುರುವುದು ನಿಜ. ಹನ್ನೆರಡು ವರ್ಷ ಆ ಗೋದಾಮಿನಲ್ಲಿ ಕೂತು ಬಂದ ಮೈ ಇದು. ಯಾರ್ಯಾರೋ ಉಟ್ಟು ಬಿಸಾಡಿದ ಬಟ್ಟೆ ಮೂಟೆ ಮೂಟೆಯಾಗಿ ಬಂದು ಬೀಳುತ್ತದೆ. ದಿನಕ್ಕೊಂದು ಬಣ್ಣ. ನಾನೂ ಇನ್ನು ತೊಂಬತ್ತಾರು ಹೆಂಗಸರೂ ನೆಲದ ಮೇಲೆ ಸಾಲಾಗಿ ಕೂರುತ್ತೇವೆ. ಕತ್ತಿಯ ಹಿಡಿಯನ್ನು ಪಾದದ ಕೆಳಗೆ ಅದುಮಿ, ಮೇಲೆದ್ದ ಅಲಗಿಗೆ ಬಟ್ಟೆ ಒತ್ತಿ, ಗುಂಡಿ, ಜಿಪ್ಪು, ಕೊಕ್ಕೆ ಎಲ್ಲ ಕೊಯ್ದು ತೆಗೆಯುತ್ತೇವೆ. ಉಳಿದದ್ದನ್ನು ಯಂತ್ರದ ಬಾಯಿಗೆ ಎಸೆಯುತ್ತೇವೆ. ಯಂತ್ರ ಅದನ್ನು ಸಿಗಿದು ನಾರು ಮಾಡಿ ಉಗುಳುತ್ತದೆ. ಆ ನಾರು ಹಾಸಿಗೆಗೆ ಹೋಗುತ್ತದೆ. ಕಿಟಕಿ ತೆಗೆಯುವ ಹಾಗಿಲ್ಲ, ತೆಗೆದರೆ ನಾರು ಹಾರಿಹೋಗಿ ಧಣಿಗೆ ನಷ್ಟ. ಹಾಗಾಗಿ ಅದು ನಮ್ಮ ಮೂಗಿಗೆ, ಕಿವಿಗೆ, ರೆಪ್ಪೆಗೆ ಹಾರುತ್ತದೆ. ಕೆಮ್ಮಿ ಉಗಿದರೆ ಅಂದಿನ ಮೂಟೆಯ ಬಣ್ಣ. "ನಿನ್ನೆ ಯಾವ ಬಣ್ಣ ಉಗಿದ್ಯೇ?" ಎಂದು ಒಬ್ಬರನ್ನೊಬ್ಬರು ಚುಡಾಯಿಸುತ್ತೇವೆ. ಇಂಥದ್ದಕ್ಕೂ ನಾವು ನಗುತ್ತೇವೆ ಎಂಬುದು ಹೊರಗಿನವರಿಗೆ ಗೊತ್ತಿಲ್ಲ.

ಅಕ್ಕ ಅಲ್ಲಿ ಹತ್ತೊಂಬತ್ತು ವರ್ಷ ಕೂತಿದ್ದಾಳೆ. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ, ಹತ್ತನೇ ಕ್ಲಾಸಿನವರೆಗೆ ಓದಿಸಿದವಳೂ ಅವಳೇ. ಈಗ ಒಂದು ವರ್ಷದಿಂದ ಅವಳಿಗೆ ಮಲಗಲು ಆಗುವುದಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ. ನಲ್ಲಿಯಿಂದ ಮನೆಗೆ ಒಂದು ಕೊಡ ನೀರು ತರಲು ಮೂರು ಕಡೆ ನಿಲ್ಲುತ್ತಾಳೆ.

ಎದೆಯ ಕಾಯಿಲೆ ಇದೆ ಎಂದು ಯಾರ ಫಾರಂನಲ್ಲಿ ಬರುತ್ತದೋ ಅವರಿಗೆ ದೊಡ್ಡಾಸ್ಪತ್ರೆಗೆ ಚೀಟಿ ಕೊಡುತ್ತೇವೆ ಎಂದಿದ್ದರು ಮೇಡಂ. ಎಕ್ಸ್‌ರೇ, ಡಾಕ್ಟರು, ಮಾತ್ರೆ, ಎಲ್ಲ ಗುಣವಾಗುವವರೆಗೆ. ಆ ಚೀಟಿಗೋಸ್ಕರ ನಾನು ಈ ಕೆಲಸ ಒಪ್ಪಿಕೊಂಡೆ. ಸುಳ್ಳು ಯಾಕೆ ಹೇಳಲಿ, ಲೋಕೋದ್ಧಾರಕ್ಕಲ್ಲ. ಅಕ್ಕ ಒಂದು ದಿನ ಅಂಗಾತ ಮಲಗಲಿ ಎಂದು.

ಮೂರು ವಾರ ಓಣಿ ಓಣಿ ತಿರುಗಿದೆ. ಎದೆಗೆ ಪ್ಯಾಡು, ಕಿವಿಗೆ ಪೆನ್ನು. ಏಳನೇ ಪ್ರಶ್ನೆ ಹೀಗಿತ್ತು: ಈ ಸಂಸ್ಥೆಯಲ್ಲಿ ನೀವು ಉದ್ಯೋಗಿಯಾಗಿದ್ದೀರಾ? ಹೌದು ಅಥವಾ ಇಲ್ಲ. ಕೆಳಗೆ ಸಣ್ಣ ಅಕ್ಷರ: ಇಲ್ಲ ಎಂದಾದರೆ ಇಪ್ಪತ್ತಮೂರನೇ ಪ್ರಶ್ನೆಗೆ ಹೋಗಿ. ಎಲ್ಲರೂ ಇಲ್ಲ ಎಂದರು. ಇಲ್ಲ ಎಂದವರ ಮಧ್ಯದ ಮೂರು ಹಾಳೆಗೆ ಮೂಲೆಯಿಂದ ಮೂಲೆಗೆ ಗೆರೆ ಎಳೆಯಬೇಕು. ಎಳೆದೆ. "ನಿನ್ನ ಫಾರಂನಲ್ಲಿ ಒಂದೂ ತಪ್ಪಿಲ್ಲ ನೋಡು," ಎಂದು ಹಣೆಗಣ್ಣ ಹೊಗಳಿದ. ಹುಟ್ಟಿದಾಗಿನಿಂದ ನನ್ನನ್ನು ಹೊಗಳಿದವರು ಕಡಿಮೆ. ನಾನು ಉಬ್ಬಿಹೋದೆ. ಮಧ್ಯದ ಹಾಳೆಗಳಲ್ಲಿ ಏನಿದೆ ಎಂದು ತರಬೇತಿಯಲ್ಲಿ ಒಮ್ಮೆ ಓದಿದ್ದೆ, ಕೊನೆಗೆ ಎಲ್ಲೋ ಅದನ್ನೂ ಕೇಳುತ್ತಾರೆ ಅಂದುಕೊಂಡು ಗೆರೆ ಎಳೆಯುತ್ತ ಹೋದೆ. ತೊಂಬತ್ತೈದು ಹೆಂಗಸರ ಹಾಳೆಗೆ ಗೆರೆ ಎಳೆದದ್ದು ನನ್ನ ಕೈ, ಬೇರೆ ಯಾರದ್ದೂ ಅಲ್ಲ.

ಅಕ್ಕನನ್ನು ಕೊನೆಗೆ ಇಟ್ಟುಕೊಂಡಿದ್ದೆ. ಮನೆಯವಳೇ ತಾನೇ, ಓಡಿಹೋಗುತ್ತಾಳಾ?

"ನಿಮ್ಮ ಹೆಸರು?" ಎಂದೆ.

ಅಕ್ಕ ಹಿಂದೆ ತಿರುಗಿ ನೋಡಿದಳು. "ಯಾರನ್ನೇ ಕೇಳ್ತಿದೀಯ?"

"ನಿಮ್ಮನ್ನೇ. ಹೀಗೇ ಕೇಳ್ಬೇಕು ಅಂತ ಹೇಳಿದಾರೆ."

"ನಿನ್ನ ಮೂಗು ಒರೆಸಿ ದೊಡ್ಡೋಳು ಮಾಡಿದ್ದಕ್ಕೆ ಇವತ್ತು ನಿನ್ನ ಬಾಯಲ್ಲಿ 'ನೀವು' ಅನ್ನಿಸ್ಕೊಂಡೆ. ಜನ್ಮ ಸಾರ್ಥಕ ಆಯ್ತು ಬಿಡು. ಬರ್ಕೋ."

ಹೆಸರು, ವಯಸ್ಸು, ಮನೆಯಲ್ಲಿ ಎಷ್ಟು ಜನ. ಏಳನೆಯದನ್ನು ಓದಿದೆ. ಅಕ್ಕ ಥಟ್ಟನೆ "ಇಲ್ಲ" ಎಂದಳು. ಇಪ್ಪತ್ತಮೂರಕ್ಕೆ ಹೋದೆ.

"ಮನೆಯಲ್ಲಿ ಅಡುಗೆಗೆ ಯಾವ ಒಲೆ ಬಳಸುತ್ತೀರಿ?"

"ಕಾಣ್ತಿಲ್ವಾ? ನಿನ್ನೆ ಅದರ ಮುಂದೆ ಕೂತು ನೀನೇ ಉಂಡೆಯಲ್ಲ."

"ಮನೆಯಲ್ಲಿ ಯಾರಾದರೂ ಧೂಮಪಾನ ಮಾಡುತ್ತಾರೆಯೇ? ದಿನಕ್ಕೆ ಎಷ್ಟು ಬಾರಿ ಸೋಪು ಹಾಕಿ ಕೈ ತೊಳೆಯುತ್ತೀರಿ?"

ಅಕ್ಕ ಉತ್ತರ ಕೊಡಲು ಬಾಯಿ ತೆರೆದಳು. ಕೆಮ್ಮು ಬಂತು. ಬಗ್ಗಿದಳು. ಮಂಡಿ ಹಿಡಿದುಕೊಂಡಳು. ಕತ್ತಿನ ನರಗಳು ಉಬ್ಬಿದವು. ತಲೆ ಆಡಿಸಬಾರದು, ಅಯ್ಯೋ ಪಾಪ ಅನ್ನಬಾರದು. ನಾನು ಪೆನ್ನು ಹಿಡಿದು ಕಾದೆ. ಕೆಮ್ಮು ನಿಂತ ಮೇಲೆ "ಎಷ್ಟು ಬಾರಿ ತೊಳೆಯುತ್ತೀರಿ?" ಎಂದು ಇನ್ನೊಮ್ಮೆ ಓದಿದೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಕ್ಕ ಕಣ್ಣು ಒರೆಸಿಕೊಂಡು ಪ್ಯಾಡಿನ ಕಡೆ ನೋಡಿದಳು. "ಮಧ್ಯೆ ಮೂರು ಹಾಳೆ ಹಾರಿಸಿದೆಯಲ್ಲ, ಅದರಲ್ಲಿ ಏನಿದೆ?"

ಓದಿದೆ. ಎಂಟು, ನಿಮಗೆ ಕೆಮ್ಮು ಇದೆಯೇ? ಒಂಬತ್ತು, ಎಷ್ಟು ಕಾಲದಿಂದ ಇದೆ? ಹದಿಮೂರು, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದೆಯೇ? ಹದಿನೇಳು, ಮಲಗಿದಾಗ ಉಸಿರಾಟ ಕಷ್ಟವಾಗಿ ಎದ್ದು ಕೂರುತ್ತೀರಾ? ಓದುತ್ತ ಓದುತ್ತ ನನ್ನ ದನಿ ಇಳಿಯಿತು.

"ಇದೆಲ್ಲ ನಂದೇ ಕಣೇ," ಎಂದಳು ಅಕ್ಕ. "ಯಾರೋ ನನ್ನ ಪಕ್ಕದಲ್ಲಿ ಕೂತು ಬರೆದ ಹಾಗಿದೆ. ಮತ್ತೆ ಯಾಕೆ ಹಾರಿಸಿದೆ?"

"ಅದು ಉದ್ಯೋಗಿಗಳಿಗೆ."

"ನಾನ್ಯಾರು?"

"ನೀನೇ ಇಲ್ಲ ಅಂದೆಯಲ್ಲಕ್ಕ."

"ಹೊರಗಿನೋರು ಯಾರು ಕೇಳಿದ್ರೂ ಇಲ್ಲಿ ಕೆಲಸಕ್ಕಿಲ್ಲ ಅನ್ನಿ ಅಂತ ಮೇಸ್ತ್ರಿ ಮೊದಲನೇ ದಿನವೇ ಹೇಳ್ಕೊಟ್ಟಿಲ್ವಾ? ತನಿಖೆಗೆ ಯಾರಾದ್ರೂ ಬಂದ್ರೆ ಹಿಂದಿನ ಬಾಗಿಲಿಂದ ಅಟ್ತಾನಲ್ಲ ನಮ್ಮನ್ನ. ನೀನೂ ನನ್ನ ಪಕ್ಕದಲ್ಲೇ ನಿಂತಿರ್ತಿದ್ದೆ, ಕಾಂಪೌಂಡ್ ಗೋಡೆ ಹಿಂದೆ. ನಿನ್ನ ಕೇಳಿದ್ರೆ ನೀನು ಏನಂತಿದ್ದೆ?"

ಇಲ್ಲ ಅಂತಿದ್ದೆ. ಉಗುರು ಕಚ್ಚುವ ಚಟದ ಹಾಗೆ ಅದು ನಮಗೆಲ್ಲ ಅಂಟಿಕೊಂಡಿತ್ತು.

ಮರುದಿನ ಬೆಳಿಗ್ಗೆಯೇ ಮೂರನೇ ಮಹಡಿಗೆ ಹೋದೆ. ಮೇಡಂ, ಇದರಲ್ಲಿ ತಪ್ಪಿದೆ ಎಂದೆ. ಹಾಗಾದರೆ ಆ ಮೂರು ಹಾಳೆ ಯಾರಿಗೆ ಕೇಳಿದ್ದೀರಿ ಎಂದೆ. ಕೇಳಿದ್ದರು. ಧಣಿಯ ಆಫೀಸಿನಲ್ಲಿ ಗಾಜಿನ ಬಾಗಿಲು ಮುಚ್ಚಿಕೊಂಡು ಕೂರುವ ಹನ್ನೊಂದು ಜನರಿಗೆ. ಅವರಿಗೆ ನೇಮಕದ ಕಾಗದ ಇದೆ, ಅವರು ಉದ್ಯೋಗಿಗಳು. ಅವರಲ್ಲಿ ಇಬ್ಬರಿಗೆ ನೆಗಡಿ ಇತ್ತಂತೆ.

"ನೀವು ಹೇಳೋದು ನನಗೆ ಅರ್ಥ ಆಗುತ್ತೆ," ಎಂದರು ಮೇಡಂ. "ಆದ್ರೆ ಈ ಪ್ರಶ್ನಾವಳಿನ ಎಷ್ಟೋ ಕಡೆ ಬಳಸಿ ಪರೀಕ್ಷೆ ಮಾಡಿದಾರೆ. ಮಧ್ಯದಲ್ಲಿ ಬದಲಾಯಿಸಿದ್ರೆ ಬೇರೆ ಕಡೆಯ ಉತ್ತರಗಳ ಜೊತೆ ಹೋಲಿಸೋಕೆ ಬರಲ್ಲ. ಒಳ್ಳೇ ಸಲಹೆ ಕೊಟ್ರಿ. ಮುಂದಿನ ಸಲ ಖಂಡಿತ ಸೇರಿಸೋಣ."

"ಮುಂದಿನ ಸಲ ಅಂದ್ರೆ ಯಾವಾಗ?"

"ಐದು ವರ್ಷಕ್ಕೊಮ್ಮೆ ಮಾಡ್ತೀವಿ."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಐದು ವರ್ಷಕ್ಕೆ ಅಕ್ಕ ಎಲ್ಲಿರುತ್ತಾಳೆ? ಮೇಡಂ ದನಿ ಮೆತ್ತಗಿತ್ತು. ಮೆತ್ತಗಿರುವುದರ ಮೇಲೆ ನನಗೆ ನಂಬಿಕೆ ಇಲ್ಲ. ನಾವು ಎದೆ ಸುಟ್ಟುಕೊಂಡು ತುಂಬಿಸುವ ಹಾಸಿಗೆಗಳೂ ಮೆತ್ತಗೇ ಇರುತ್ತವೆ.

ನಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೊನೇ ಸಹಿಗೆ ಅಂತ ನನ್ನ ಹತ್ತಿರವೇ ಇದ್ದ ಆ ತೊಂಬತ್ತಾರು ಫಾರಂ ಹೊತ್ತುಕೊಂಡು ಮತ್ತೆ ಓಣಿಗೆ ಇಳಿದೆ. ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಾಂಪೌಂಡ್ ಗೋಡೆಯ ನೆರಳಿನಲ್ಲಿ, ಒಬ್ಬೊಬ್ಬರನ್ನೇ ಹಿಡಿದು ಕೂರಿಸಿದೆ. ಈ ಸಲ ಬಿಡಿಸಿ ಹೇಳಿದೆ. ತಲೆಯನ್ನೂ ಆಡಿಸಿದೆ. ಮೇಸ್ತ್ರಿ ಹೇಳಿಕೊಟ್ಟದ್ದನ್ನು ಪಕ್ಕಕ್ಕಿಟ್ಟು ಏಳನೆಯದಕ್ಕೆ ಉತ್ತರ ಕೊಡಿ ಎಂದೆ.

ಸುತ್ತ ಇದ್ದವರೆಲ್ಲ ಮೇಸ್ತ್ರಿ ಬರುತ್ತಾನಾ ಎಂದು ಗೇಟಿನ ಕಡೆ ನೋಡಿದರು. ಕೊನೆಗೆ ಗುಂಡಿ ಅಜ್ಜಿ ಮುಂದೆ ಬಂದಳು. ಗುಂಡಿ ಕೊಯ್ಯುವುದರಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ, ಅದಕ್ಕೇ ಆ ಹೆಸರು. ಎಡಗೈಯ ತೋರುಬೆರಳು ಅರ್ಧ ಮಾತ್ರ ಇದೆ.

"ಹೌದು ಅಂತ ಬರಿ ಮಗಳೇ," ಎಂದಳು. ಮೊಂಡು ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದಳು. "ಇದರ ಇನ್ನರ್ಧ ಆ ಯಂತ್ರದೊಳಗೆ ಬಿಟ್ಟು ಬಂದಿದೀನಿ. ಉದ್ಯೋಗಿ ಅಲ್ದೆ ನಾನೇನು ಅಲ್ಲಿಗೆ ನೆಂಟಳಾ?"

ಎಲ್ಲರೂ ನಕ್ಕರು. ಆಮೇಲೆ ಬಾಯಿ ಬಿಟ್ಟರು. ಎಂಟರಿಂದ ಇಪ್ಪತ್ತೆರಡರವರೆಗೆ ಗೆರೆಯ ಮೇಲೆಯೇ ಬರೆದೆ, ಅಂಚಿನಲ್ಲಿ ಬರೆದೆ. ಕಫದ ಬಣ್ಣ ಯಾವುದು ಎಂಬ ಪ್ರಶ್ನೆಗೆ ನಾಲ್ಕು ಚೌಕ ಇದ್ದವು: ಬಿಳಿ, ಹಳದಿ, ಹಸಿರು, ರಕ್ತ. "ಇವತ್ತು ನೀಲಿ," ಎಂದಳು ಒಬ್ಬಳು. "ಸೋಮವಾರ ಗುಲಾಬಿ," ಎಂದಳು ಇನ್ನೊಬ್ಬಳು. ಪಕ್ಕದಲ್ಲಿ ಕೈಯಿಂದಲೇ ಐದನೇ ಚೌಕ ಎಳೆದು ಅವರು ಹೇಳಿದ ಬಣ್ಣ ಬರೆದೆ. ನಾಲ್ವರು ಮಾತ್ರ ಮೇಸ್ತ್ರಿಗೆ ಹೆದರಿ ಬೇಡ ಎಂದರು. ಅವರ ಗೆರೆ ಗೆರೆಯಾಗಿಯೇ ಉಳಿಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಒಂಬತ್ತನೇ ದಿನ ಫಾರಂ ಕಟ್ಟು ಹೊತ್ತು ಹೊರಟೆ. ಅಕ್ಕನೂ ಕೆಲಸಕ್ಕೆ ಹೋಗದೆ ಜೊತೆಗೆ ಬಂದಳು. ಚೀಟಿ ಕೊಟ್ಟರೆ ಅಲ್ಲಿಂದಲೇ ಆಸ್ಪತ್ರೆಗೆ ಹೋಗುವುದು ಎಂದು ಒಗೆದ ಸೀರೆ ಉಟ್ಟಿದ್ದಳು. ಮೆಟ್ಟಿಲು ನೋಡಿ "ನೀನು ಹೋಗಿ ಬಾ" ಎಂದು ಕೆಳಗೇ ಕೂತಳು.

ಹಣೆಗಣ್ಣ ಮೊದಲ ಫಾರಂ ತೆರೆದ. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು.

"ಇದೇನಮ್ಮ ಇದು? ಗೆರೆ ಮೇಲೆಲ್ಲ ಗೀಚಿದೀಯ! ನೀಲಿ ಅಂತೆ. ಕಫ ಎಲ್ಲಾದ್ರೂ ನೀಲಿ ಇರುತ್ತಾ? ತಮಾಷೆ ಮಾಡ್ತೀಯಾ?"

"ಬಂದು ನೋಡಿ. ಗೋದಾಮು ಎದುರಿಗೇ ಇದೆ."

"ಏಳಕ್ಕೆ ಮೊದಲು ಇಲ್ಲ ಅಂದಿದಾರೆ, ಈಗ ಹೌದು. ನೀನೇ ಹೇಳಿಕೊಟ್ಟು ಬರೆಸಿದೀಯ. ಇವೆಲ್ಲ ಕೆಟ್ಟುಹೋಯ್ತು, ಕಸದ ಬುಟ್ಟಿಗೆ." ಒಳಗಿನಿಂದ ಖಾಲಿ ಫಾರಂಗಳ ಹೊಸ ಕಟ್ಟು ತಂದು ಮೇಜಿನ ಮೇಲೆ ಕುಕ್ಕಿದ. "ಹಳೇ ಉತ್ತರ ಇದಕ್ಕೆ ಇಳಿಸು. ಏಳಕ್ಕೆ ಇಲ್ಲ. ಮಧ್ಯದ ಹಾಳೆಗೆ ಗೆರೆ. ಕೊನೇಲಿ ನಿನ್ನ ಸಹಿ."

ಮೇಜಿನ ಮೇಲೆ ವರದಿಯ ಕರಡು ಬಿದ್ದಿತ್ತು. ತಲೆಕೆಳಗಾಗಿದ್ದರೂ ಓದಿದೆ. ಹೆಂಗಸರಲ್ಲಿ ಎದೆಯ ತೊಂದರೆ ಕಂಡುಬಂದಿಲ್ಲ. ಒಲೆಯ ಹೊಗೆ ಮತ್ತು ಕೈ ತೊಳೆಯುವುದರ ಬಗ್ಗೆ ಅವರಿಗೆ ತಿಳುವಳಿಕೆ ಕೊಡಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎತ್ತಿಗೆ ಜ್ವರವೇ ಇಲ್ಲ ಎಂದು ಬರೆದು ಬರೆ ಎಳೆಯಲು ಹೊರಟಿದ್ದರು.

"ಇದಕ್ಕೆ ನಾನು ಸಹಿ ಹಾಕ್ಬೇಕಾ?"

ಮೇಡಂ ಹಣೆಗಣ್ಣನನ್ನು ಆಚೆ ಕಳಿಸಿದರು. ಡ್ರಾಯರಿನಿಂದ ಚೀಟಿಯ ಪುಸ್ತಕ ತೆಗೆದರು. ಒಂದು ಚೀಟಿ ಬರೆದರು, ಸೀಲು ಒತ್ತಿದರು, ಹರಿದು ಖಾಲಿ ಫಾರಂ ಕಟ್ಟಿನ ಮೇಲೆ ಇಟ್ಟರು. ಅಕ್ಕನ ಹೆಸರು.

"ನಿಮ್ಮ ಅಕ್ಕನ ಪರಿಸ್ಥಿತಿ ನನಗೆ ಗೊತ್ತು. ನಿಯಮದಲ್ಲಿ ಇದಕ್ಕೆ ಅವಕಾಶ ಇಲ್ಲ. ಆದ್ರೂ ನಿಮಗೋಸ್ಕರ ಮಾಡಿದೀನಿ. ಉಳಿದ ಕೆಲಸ ಮುಗಿಸಿಕೊಡಿ, ತಗೊಂಡು ಹೋಗಿ."

ಆಸೆಯಾಯಿತು. ಆಗಲಿಲ್ಲ ಎಂದರೆ ನನ್ನಂಥ ಸುಳ್ಳಿ ಇನ್ನೊಬ್ಬಳಿಲ್ಲ. ಆ ಸೀಲಿನ ಮಸಿ ಇನ್ನೂ ಒಣಗಿರಲಿಲ್ಲ. ಪೆನ್ನು ಎತ್ತಿಕೊಂಡೆ. ಮೇಲಿನ ಫಾರಂಗೆ ಗುಂಡಿ ಅಜ್ಜಿಯ ಹೆಸರು ಬರೆದೆ, ವಯಸ್ಸು ಬರೆದೆ, ಮನೆಯಲ್ಲಿ ಎಷ್ಟು ಜನ ಬರೆದೆ. ಏಳಕ್ಕೆ ಬಂದೆ. ಕೈ ಏಳಲಿಲ್ಲ.

"ಬರೆಯಲ್ಲ," ಎಂದೆ.

"ಸಮಾಧಾನವಾಗಿ ಯೋಚನೆ ಮಾಡಿ."

"ಬರೆಯಲ್ಲ ಅಂದ್ರೆ ಬರೆಯಲ್ಲ. ಒಂದು ಸಲ ಗೆರೆ ಎಳೆದಿದ್ದೇ ಸಾಕು. ನಿಮ್ಮ ಚೀಟಿ ನೀವೇ ಇಟ್ಕೊಳ್ಳಿ."

ಪೆನ್ನನ್ನು ಮೇಜಿನ ಮೇಲೆ ಎಸೆದೆ. ಅದು ಉರುಳಿ ಕೆಳಗೆ ಬಿತ್ತು, ಎತ್ತಿಕೊಡಲಿಲ್ಲ. ಮೆಟ್ಟಿಲು ಇಳಿಯುವಾಗ ನನ್ನ ತಲೆ ಸೂರಿಗೆ ತಾಗುತ್ತದೇನೋ ಅನ್ನುವಷ್ಟು ಎತ್ತರವಾಗಿದ್ದೆ. ಅಕ್ಕನಿಗೆ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

ಅಕ್ಕ ಕೇಳಿಸಿಕೊಂಡಳು. ಎದ್ದು ನಿಂತಳು. ನನ್ನ ಕೆನ್ನೆಗೆ ಒಂದು ಬಿಟ್ಟಳು.

"ಎದೆ ಯಾರದ್ದೇ? ನಿಂದಾ? ನನ್ನ ಹೆಸರಿನ ಚೀಟಿ ಬೇಡ ಅನ್ನೋಕೆ ನೀನ್ಯಾರು?"

"ಅಲ್ಲಕ್ಕ, ಅವರು ನಮ್ಮೆಲ್ಲರ..."

"ಮುಚ್ಚು ಬಾಯಿ. ಅವರೂ ನನ್ನ ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ. ಕೇಳೋ ಕೆಲಸಕ್ಕೆ ಅಂತ ಹೋದೋಳು ನೀನು!"

ನನ್ನ ಎತ್ತರವೆಲ್ಲ ಜರ್ರನೆ ಇಳಿಯಿತು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮಲಗಲಾರದೆ ಗೋಡೆಗೆ ಒರಗುವವಳು ಅವಳು, ಶೂರತನ ತೋರಿಸಿ ಬಂದವಳು ನಾನು.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು. ಕೈ ಹಿಡಿಯಲು ಹೋದರೆ ಕೊಡವಿದಳು. ಆರು ಮೆಟ್ಟಿಲು, ನಿಂತಳು. ನಾಲ್ಕು, ನಿಂತಳು. ಮೊದಲ ಮಹಡಿಯಲ್ಲಿ ಗೋಡೆಗೆ ಹಣೆ ಒತ್ತಿ ಕೆಮ್ಮಿದಳು. ಎರಡನೆಯದರಲ್ಲಿ ಕುಕ್ಕರುಗಾಲಲ್ಲಿ ಕೂತಳು, ತುಟಿ ಕಪ್ಪಗಾಯಿತು. ಸಾಕು ಅಕ್ಕ, ನಾನೇ ಹೋಗಿ ಕಾಲು ಹಿಡಿದು ತರುತ್ತೇನೆ ಎಂದೆ, ನಿಜವಾಗಿಯೂ ಹಿಡಿಯುವವಳಿದ್ದೆ. ಅವಳು ಬೆರಳೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದಳು. ಕೊನೆಯ ಮಹಡಿಯನ್ನು ಕೈಯೂರಿ ಹತ್ತಿದಳು.

ಅವಳನ್ನು ನೋಡಿ ಮೇಡಂ ಎದ್ದು ನಿಂತರು. ನೀರು ಕೊಟ್ಟರು. ಅಕ್ಕ ಕುಡಿದಳು. ಎಷ್ಟೋ ಹೊತ್ತು ಎದೆಯೊಳಗಿನ ಸಿಳ್ಳೆ ಮಾತ್ರ ಕೇಳುತ್ತಿತ್ತು. ಆಮೇಲೆ ಕೈ ಚಾಚಿದಳು.

"ಚೀಟಿ."

ಮೇಡಂ ಮುಖ ಅರಳಿತು. ಚೀಟಿ ಕೊಟ್ಟು ನನ್ನ ಕಡೆ ನೋಡಿದರು, ನಿನಗಿಂತ ಅವಳಿಗೆ ಬುದ್ಧಿ ಇದೆ ಅನ್ನುವ ಹಾಗೆ. ನಾನು ತಲೆ ತಗ್ಗಿಸಿದೆ. ಅಕ್ಕ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮಡಚಿ, ಕುಪ್ಪಸದೊಳಗೆ ಇಟ್ಟುಕೊಂಡಳು. ಬಾಗಿಲವರೆಗೆ ನಡೆದಳು. ಹೊಸ್ತಿಲಿಗೆ ಅಡ್ಡಲಾಗಿ ಕಾಲು ಚಾಚಿ ಕೂತಳು.

"ಇದು ನಂದು," ಎಂದಳು. "ಇನ್ನು ತೊಂಬತ್ತೈದು ಕೊಡಿ. ಆ ಹೆದರಿದ ನಾಲ್ವರದ್ದೂ ಸೇರಿಸಿ."

"ಹಾಗೆಲ್ಲ ಕೊಡೋಕಾಗಲ್ಲಮ್ಮ. ನಿಯಮ ಇರುತ್ತೆ."

"ನಂದಕ್ಕೂ ನಿಯಮ ಇರ್ಲಿಲ್ವಂತೆ. ಆದ್ರೂ ಆಯ್ತಲ್ಲ? ಅವರದ್ದೂ ಹಂಗೇ ಮಾಡಿ. ನಿಮ್ಮ ಕೈ ನೋಯುತ್ತೆ ಅಂದ್ರೆ ನನ್ನ ತಂಗಿ ಬರ್ಕೊಡ್ತಾಳೆ, ಅವಳ ಅಕ್ಷರ ದುಂಡಗಿದೆ. ನೀವು ಸೀಲು ಒತ್ತಿ."

ಹಣೆಗಣ್ಣ ಓಡಿಬಂದ. "ಏಳಮ್ಮ ಮೇಲಕ್ಕೆ! ಬಾಗಿಲು ಹಾಕ್ಬೇಕು."

"ಹಾಕಿ."

ಎಳೆದ. ಬಾಗಿಲು ಅಕ್ಕನ ಮೊಣಕಾಲಿಗೆ ಬಡಿಯಿತು. ಅವಳು ಅಲುಗಲಿಲ್ಲ. ಇನ್ನೊಮ್ಮೆ ಎಳೆಯಲು ಹೋದವನ ಕೈಯನ್ನು ನಾನು ಹಿಡಿದೆ. ಅವನು ಕೆಳಗಿನಿಂದ ವಾಚ್‌ಮನ್‌ನನ್ನು ಕೂಗಿ ಕರೆದ. ವಾಚ್‌ಮನ್ ಬಂದು ಅಕ್ಕನ ಮುಖ ನೋಡಿದ, ಅವಳ ಉಸಿರಿನ ಸದ್ದು ಕೇಳಿದ.

"ನಾನು ಮುಟ್ಟಲ್ಲ ಸಾರ್," ಎಂದ. "ಎತ್ತೋವಾಗ ಏನಾದ್ರೂ ಆಗಿಹೋದ್ರೆ ನನ್ನ ತಲೆಗೆ ಬರುತ್ತೆ. ನೀವೇ ಎತ್ತಿ."

ಯಾರೂ ಎತ್ತಲಿಲ್ಲ. ಮೇಡಂ ಗಡಿಯಾರ ನೋಡಿದರು, ಮತ್ತೆ ನಮ್ಮನ್ನು ನೋಡಿದರು. ಎದುರಿನ ಗೋದಾಮಿನಲ್ಲಿ ಯಂತ್ರ ನಿಂತಿತು, ಊಟದ ಹೊತ್ತು. ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟಳು.

"ನೀನ್ಯಾಕೆ ಕಂಬದ ಹಾಗೆ ನಿಂತಿದೀಯ?" ಎಂದಳು ನನಗೆ. "ಕೂತ್ಕೋ. ತೊಂಬತ್ತೈದು ಬರೆಯೋಕೆ ಹೊತ್ತಾಗುತ್ತೆ."